ಶಾರ್ಲೆಟ್ ಕೂಪರ್: ಒಲಿಂಪಿಕ್ಸ್ ಬಿಡಿ, 1908 ನೋಡಿ

ಇಂಗ್ಲೆಂಡಿನ ಟೆನಿಸ್ ಆಟಗಾರ್ತಿ ಶಾರ್ಲೆಟ್ ಕೂಪರ್ ಹೆಸರು ನಮಗೆ ಸಿಗುವುದು ಹೆಚ್ಚಾಗಿ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ. ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಸ್ಪರ್ಧೆ ಗೆದ್ದ ಮೊದಲ ಮಹಿಳೆ, 1900, ಪ್ಯಾರಿಸ್. ಅಲ್ಲಿಗೆ ಮುಗೀತು. ನನ್ನ ತಕರಾರು ಇರುವುದೇ ಇಲ್ಲಿ. ಆ ಗೆಲುವು ಅವರ ದೊಡ್ಡ ಗೆಲುವೇ ಅಲ್ಲ. ಪ್ಯಾರಿಸ್‌ನಲ್ಲಿ ಆಡಿದ್ದು ಆರೇ ಜನ ಹೆಂಗಸರು. ಫೈನಲ್‌ನಲ್ಲಿ ಫ್ರಾನ್ಸಿನ ಎಲೆನ್ ಪ್ರೆವೊ ಅವರನ್ನು 6-1, 6-4ರಿಂದ ಸೋಲಿಸಿದರು. ಚಿನ್ನದ ಪದಕ ಕೊಡುವ ಪದ್ಧತಿ ಆಗಿನ್ನೂ ಇರಲಿಲ್ಲ. ಅಷ್ಟರಲ್ಲಾಗಲೇ ಅವರು ಮೂರು ಸಲ ವಿಂಬಲ್ಡನ್ ಗೆದ್ದಾಗಿತ್ತು: 1895, 1896, 1898.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 26ನೇ ವಯಸ್ಸಿಗೇ ಅವರಿಗೆ ಕಿವಿ ಕೇಳದಂತಾಯಿತು. ಟೆನಿಸ್ ಆಡುವವರನ್ನು ಕೇಳಿ ನೋಡಿ. ಎದುರಿನವರ ರಾಕೆಟ್‌ಗೆ ಚೆಂಡು ತಾಗುವ ಸದ್ದಿನಲ್ಲೇ ಅದು ಎಷ್ಟು ಜೋರಾಗಿ ಬರುತ್ತದೆ ಎಂಬುದು ಅರ್ಧ ಗೊತ್ತಾಗಿಬಿಡುತ್ತದೆ. ಇವರಿಗೆ ಇದ್ದದ್ದು ಕಣ್ಣೊಂದೇ. ಹಾಗಂತ ಹಿಂದೆ ನಿಂತು ಸುಮ್ನೆ ಚೆಂಡು ವಾಪಸ್ ಕಳಿಸುವ ಆಟವೂ ಅಲ್ಲ ಅವರದು. ಹೆಂಗಸರು ಕೈ ಕೆಳಗಿನಿಂದಲೇ ಸರ್ವ್ ಮಾಡುತ್ತಿದ್ದ ಕಾಲದಲ್ಲಿ ಇವರು ತಲೆಯ ಮೇಲಿಂದ ಹೊಡೆಯುತ್ತಿದ್ದರು. ಆಮೇಲೆ ನೆಟ್ ಹತ್ತಿರ ನುಗ್ಗಿ ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆತ. ಅದೂ ಕಾಲ್ಗಂಟಿನವರೆಗೆ ಬರುವ ಲಂಗ ತೊಟ್ಟು!

1901ರಲ್ಲಿ ಆಲ್ಫ್ರೆಡ್ ಸ್ಟೆರಿ ಎಂಬ ವಕೀಲರ ಜೊತೆ ಮದುವೆ. ಅದೇ ವರ್ಷ ನಾಲ್ಕನೇ ವಿಂಬಲ್ಡನ್. ಮರುವರ್ಷದ ಫೈನಲ್ ಓದಿದರೆ ಈಗಲೂ ಸಂಕಟವಾಗುತ್ತದೆ. ಮ್ಯೂರಿಯಲ್ ರಾಬ್ ಎದುರು ಇಬ್ಬರೂ ಒಂದೊಂದು ಸೆಟ್ ಗೆದ್ದಿದ್ದರು. ಎರಡನೆಯದು 13-11ರವರೆಗೆ ಎಳೆದಿತ್ತು. ಮಳೆ ಬಂತು. ಮಾರನೇ ದಿನ ಮೂರನೇ ಸೆಟ್ ಆಡಿಸಲಿಲ್ಲ, ಇಡೀ ಪಂದ್ಯವನ್ನೇ ಮೊದಲಿನಿಂದ ಆಡಿಸಿದರು. ಎರಡೂ ದಿನ ಸೇರಿ 53 ಗೇಮ್. ಕೂಪರ್ ಸೋತರು.

ಆಮೇಲೆ ಇಬ್ಬರು ಮಕ್ಕಳಾದರು. ಅಲ್ಲಿಗೆ ಆಟ ಮುಗಿಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? 1908ರಲ್ಲಿ ಅವರು ಮತ್ತೆ ವಿಂಬಲ್ಡನ್ ಗೆದ್ದರು. ವಯಸ್ಸು 37 ವರ್ಷ, 282 ದಿನ. ಎದುರಾಳಿಗಳು ಸುಲಭದವರಾಗಿದ್ದರು ಅನ್ನುವಂತಿಲ್ಲ. ಅದಾಗಲೇ ಮೂರು ಸಲ ಚಾಂಪಿಯನ್ ಆಗಿದ್ದ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ಅವರನ್ನು ಸೋಲಿಸಿಯೇ ಮುಂದೆ ಹೋದರು. ಫೈನಲ್‌ನಲ್ಲಿ ಆಗ್ನೆಸ್ ಮಾರ್ಟನ್ ವಿರುದ್ಧ 6-4, 6-4. ಅಷ್ಟು ವಯಸ್ಸಿನಲ್ಲಿ ವಿಂಬಲ್ಡನ್ ಮಹಿಳಾ ಸಿಂಗಲ್ಸ್ ಗೆದ್ದವರು ಇವತ್ತಿನವರೆಗೂ ಇನ್ನೊಬ್ಬರಿಲ್ಲ. ನನ್ನ ಲೆಕ್ಕದಲ್ಲಿ ಇದರ ಮುಂದೆ ಪ್ಯಾರಿಸ್ ಏನೂ ಅಲ್ಲ.

ಕಾಲ ಹೋದ ಹಾಗೆ ಎಲ್ಲ ಸುಧಾರಿಸುತ್ತದೆ ಅಂತ ನಾವು ನಂಬಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಲ್ಯಾಂಬರ್ಟ್ ಚೇಂಬರ್ಸ್ ಕೂಡ ತಾಯಿಯಾದ ಮೇಲೆ ಗೆದ್ದರು, ಕೊನೆಯ ಸಲ 1914ರಲ್ಲಿ. ಆಮೇಲೆ ತಾಯಿಯೊಬ್ಬರು ವಿಂಬಲ್ಡನ್ ಸಿಂಗಲ್ಸ್ ಗೆದ್ದದ್ದು 1980ರಲ್ಲಿ, ಆಸ್ಟ್ರೇಲಿಯಾದ ಇವಾನ್ ಗೂಲಗಾಂಗ್. ನಡುವೆ 66 ವರ್ಷ!

ಕೂಪರ್ ಮಾತ್ರ 1912ರಲ್ಲೂ, 41ರ ವಯಸ್ಸಿನಲ್ಲಿ, ಆಲ್ ಕಮರ್ಸ್ (ಹಿಂದಿನ ವರ್ಷದ ಚಾಂಪಿಯನ್ ಬಿಟ್ಟು ಉಳಿದವರೆಲ್ಲ ಆಡುತ್ತಿದ್ದ ಹಂತ) ಫೈನಲ್‌ವರೆಗೆ ಬಂದಿದ್ದರು. ಮಗಳು ಗ್ವೆನ್ ಕೂಡ ಮುಂದೆ ವಿಂಬಲ್ಡನ್‌ನಲ್ಲಿ ಆಡಿದಳು.