ಬೆಲೆ ಹೇಳುವ ಮೊದಲು ಕಾಫಿ ಕುಡಿದುಬಿಡಿ

ಹಳೆಯ ರೆಕಾರ್ಡಿಗೆ ಬೆಲೆ ಕಟ್ಟಲು ಹೋದವನಿಗೆ ಜನ ಮೊದಲು ಕಾಫಿ ಕೊಡುತ್ತಾರೆ. ಬೆಲೆ ಕೇಳಿದ ಮೇಲೆ ನೀರೂ ಕೊಡುವುದಿಲ್ಲ. ಅದಕ್ಕೇ ಲೋಟ ಖಾಲಿಯಾಗುವ ತನಕ ನಾನು ಪೆಟ್ಟಿಗೆಯ ಮುಚ್ಚಳ ತೆಗೆಯುವುದಿಲ್ಲ.

ಇರುವುದು ನ್ಯೂಜೆರ್ಸಿಯಲ್ಲಿ. ವಾರವೆಲ್ಲ ಕಂಪ್ಯೂಟರ್ ಮುಂದೆ, ಶನಿವಾರ ಯಾರದೋ ಬೇಸ್‌ಮೆಂಟಿನ ಧೂಳಿನಲ್ಲಿ. ನನ್ನ ಹುಚ್ಚು ಬಿಗ್ ಬ್ಯಾಂಡ್. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್ ಹಿಡಿದ ಒಂದು ದೊಡ್ಡ ಗುಂಪು ಊದಿ ಊದಿ ಅಮೆರಿಕವನ್ನೇ ಕುಣಿಸಿದ 1930, 40ರ ದಶಕದ ಸಂಗೀತ. ಆ ಕಾಲದ ಹೆಸರಾಂತ ಬ್ಯಾಂಡ್ ನಾಯಕ ಕೌಂಟ್ ಬೇಸಿ ಹುಟ್ಟಿದ್ದು ಇದೇ ರಾಜ್ಯದ ರೆಡ್ ಬ್ಯಾಂಕ್‌ನಲ್ಲಿ. ಆ ಕಡೆ ಯಾರ ಮನೆಗೆ ಹೋದರೂ ಅವರಜ್ಜ ಬೇಸಿಯ ಪಕ್ಕದ ಮನೆಯವರೇ. ಅಷ್ಟೂ ಜನ ಪಕ್ಕದಲ್ಲಿದ್ದಿದ್ದರೆ ಆ ಬೀದಿ ನ್ಯೂಯಾರ್ಕ್ ಮುಟ್ಟಬೇಕಿತ್ತು.

ಅಜ್ಜ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಮಾತ್ರ ಸಾಮಾನ್ಯವಾಗಿ ಸಿಗುವುದು ಇನ್ನೊಬ್ಬ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್. "ವಿಮಾನದ ಸಮೇತ ಕಾಣೆಯಾದವರು ಅಲ್ವಾ? ಹಾಗಾದರೆ ರೇಟು ಜಾಸ್ತಿ ಇರಬೇಕಲ್ಲ?" ಎಂದು ಕೇಳುತ್ತಾರೆ. 1944ರ ಡಿಸೆಂಬರ್ 15ರಂದು ಇಂಗ್ಲಿಷ್ ಕಾಲುವೆ ದಾಟುವಾಗ ಕಾಣೆಯಾದದ್ದು ಮಿಲ್ಲರ್. ರೆಕಾರ್ಡುಗಳು ಎಲ್ಲೂ ಹೋಗಿಲ್ಲ. 'ಚಟನೂಗ ಚೂ ಚೂ' ಹಾಡೊಂದೇ 12 ಲಕ್ಷ ಮಾರಾಟವಾಯಿತೆಂದು 1942ರಲ್ಲಿ ಕಂಪನಿ ಆತನಿಗೆ ಚಿನ್ನದ ಬಣ್ಣ ಹೊಡೆದ ಪ್ಲೇಟು ಕೊಟ್ಟಿತ್ತು. ಆ 12 ಲಕ್ಷದಲ್ಲಿ ಅರ್ಧವನ್ನಾದರೂ ನಾನೇ ಎತ್ತಿ ಇಳಿಸಿದ್ದೇನೆ ಅನಿಸುತ್ತದೆ. ಒಂದಕ್ಕೆ ಒಂದೆರಡು ಡಾಲರ್ ಬಂದರೆ ಪುಣ್ಯ. ಪೆಟ್ಟಿಗೆ ಒಳ್ಳೇ ಮರದ್ದಾದರೆ ಪೆಟ್ಟಿಗೆಗೇ ಜಾಸ್ತಿ.

ಆಗ ಮೊಮ್ಮಗಳು ಕೊನೆಯ ಅಸ್ತ್ರ ತೆಗೆಯುತ್ತಾಳೆ. "ನಮ್ಮಜ್ಜನಿಗೆ ಇದು ಪ್ರಾಣ. ದಿನಾ ಹಾಕುತ್ತಿದ್ದರು." ಹೇಳಿದಷ್ಟೂ ಬೆಲೆ ಇಳಿಯುತ್ತದೆ ಎಂದು ಆಕೆಗೆ ಹೇಗೆ ಹೇಳುವುದು? ಆ ಕಾಲದ ಉಕ್ಕಿನ ಮುಳ್ಳನ್ನು ಒಂದು ಬದಿ ಮುಗಿದ ಕೂಡಲೇ ಬದಲಾಯಿಸಬೇಕಿತ್ತು. ಯಾವ ಅಜ್ಜನೂ ಬದಲಾಯಿಸಿಲ್ಲ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಜ್ಜನಿಗೆ ಇಷ್ಟವಾದ ಜಾಗವೆಲ್ಲ ಸವೆದು ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಕೊಳ್ಳುವವರು ಇನ್ನೊಂದು ಜಾತಿ. ಅವರಿಗೆ ಬೇಕಾದದ್ದು ಯಾರೂ ಕೇಳದ ರೆಕಾರ್ಡು. ಅವರೂ ಕೇಳುವುದಿಲ್ಲ. ಎಲ್‌ಪಿ, ಅಂದರೆ ಲಾಂಗ್ ಪ್ಲೇ ರೆಕಾರ್ಡು, ಕೈಗೆ ಕೊಟ್ಟರೆ ಮೊದಲು ಟಾರ್ಚು ಬಿಟ್ಟು, ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಗೀಚಿರುವ ನಂಬರ್ ಓದುತ್ತಾರೆ. ಕೊಲಂಬಿಯಾ ಲೇಬಲ್ಲಿನ ಮೇಲೆ ಆರು ಕಣ್ಣಿನ ಗುರುತಿದ್ದರೆ ಅದು 1955ರಿಂದ 1962ರ ನಡುವಿನದು, ಮುಖ ಅರಳುತ್ತದೆ. ಎರಡೇ ಕಣ್ಣಿದ್ದರೆ ಆಮೇಲಿನದು, ನನ್ನನ್ನೇ ಕಳ್ಳನ ಹಾಗೆ ನೋಡುತ್ತಾರೆ. ಒಮ್ಮೆ ಒಬ್ಬರು, ಬೇಸಿಯ ಹಾಗೆಯೇ ದೊಡ್ಡ ಬ್ಯಾಂಡ್ ನಾಯಕನಾಗಿದ್ದ ಡ್ಯೂಕ್ ಎಲಿಂಗ್ಟನ್‌ನ ಒಂದು ಎಲ್‌ಪಿಯನ್ನು ಅರ್ಧ ಗಂಟೆ ತಿರುಗಿಸಿ ನೋಡಿದರು, ಮೂಸಿ ಕೂಡ ನೋಡಿದರು. ಹಾಕಿ ತೋರಿಸಲೇ ಅಂದರೆ ಗಾಬರಿಯಾಗಿ ಕಿತ್ತುಕೊಂಡರು.

ಇದೆಲ್ಲ ಪರವಾಗಿಲ್ಲ. ನಮ್ಮ ಕನ್ನಡದವರೇ ಒಬ್ಬರು ಇಲ್ಲೊಂದು ಹಳೇ ಮನೆ ಕೊಂಡರು. ಹಿಂದಿನ ಮಾಲೀಕರು ಬೇಸ್‌ಮೆಂಟಿನಲ್ಲಿ ರೆಕಾರ್ಡುಗಳ ರಾಶಿ ಬಿಟ್ಟುಹೋಗಿದ್ದರು. "ಬಂದು ನೋಡಿ ಸರ್" ಎಂದು ಫೋನು ಬಂತು. ಹೋದೆ. ಕಾಫಿಯ ಜೊತೆ ಚಕ್ಕುಲಿಯೂ ಬಂತು. ಆಕೆ ಹೆಮ್ಮೆಯಿಂದ, "ನೀವು ಬರುತ್ತೀರಿ ಅಂತ ಸ್ಪಿರಿಟ್ ಹಾಕಿ ಒರೆಸಿಟ್ಟಿದ್ದೇನೆ. ಎಷ್ಟು ಕೊಳೆ ಇತ್ತು ಗೊತ್ತಾ?" ಎಂದು ಹತ್ತಿಯ ಉಂಡೆಗಳನ್ನು ತೋರಿಸಿದರು. ಎಲ್ಲವೂ ಕಾಡಿಗೆಯಷ್ಟು ಕಪ್ಪು.

ಅದು ಕೊಳೆಯಲ್ಲ, ರೆಕಾರ್ಡೇ. ವಿನೈಲ್ ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಹಿಂದಿನ, ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಪ್ಲೇಟುಗಳನ್ನು ಹೆಚ್ಚಾಗಿ ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಬಳಿಯುತ್ತಾರಲ್ಲ, ಅದೇ ಅರಗು. ಬಹುಪಾಲು ಹೋಗುತ್ತಿದ್ದದ್ದೂ ನಮ್ಮ ದೇಶದಿಂದಲೇ. ಯುದ್ಧಕಾಲದಲ್ಲಿ ಅದರ ಸರಬರಾಜಿಗೆ ಕುತ್ತು ಬಂದಾಗ ಇಲ್ಲಿ ಹಳೇ ಪ್ಲೇಟುಗಳನ್ನು ಜನರಿಂದ ವಾಪಸ್ ಪಡೆದು ಕರಗಿಸಿ ಹೊಸದು ಮಾಡಿದರು. ಅಂಥ ಅರಗು ಸ್ಪಿರಿಟ್ಟಿಗೆ ಕರಗದೇ ಇರುತ್ತದೆಯೇ?

ಮಿಲ್ಲರ್ ಪ್ಲೇಟುಗಳನ್ನಾದರೂ ಉಜ್ಜಬಾರದಿತ್ತೇ! ಅವು ಹೊಸದರಂತೆ ಹೊಳೆಯುತ್ತಿದ್ದುದರಿಂದ ಮುಟ್ಟಿರಲಿಲ್ಲ. ಉಜ್ಜಿದ್ದು 1920ರ ದಶಕದ ಎಲಿಂಗ್ಟನ್‌ಗಳನ್ನು. "ಅವೇ ಜಾಸ್ತಿ ಹಳೇದಾಗಿ ಕಾಣುತ್ತಿದ್ದವು" ಎಂದರು. ಇಡೀ ರಾಶಿಯಲ್ಲಿ ನಾಲ್ಕು ಕಾಸು ತರಬಹುದಾಗಿದ್ದದ್ದು ಅವು ಮಾತ್ರ. ಬಾಯಲ್ಲಿದ್ದ ಚಕ್ಕುಲಿ ಅಲ್ಲೇ ನಿಂತಿತು. "ಲೇಬಲ್ ಚೆನ್ನಾಗಿ ಉಳಿದಿದೆ" ಅಂದೆ. ಇನ್ನು ಸ್ಪಿರಿಟ್ ತಾಗಿಸಬೇಡಿ ಎಂದಷ್ಟೇ ಸೇರಿಸಿದೆ. ಬೇರೇನು ಹೇಳಲಿ?

ವಾರ ಕಳೆದು ಅವರ ಯಜಮಾನರ ಫೋನು. "ಸರ್, ಸ್ಪಿರಿಟ್ ತಾಗಿಸಬಾರದು ಅಂದಿರಂತೆ. ಉಳಿದವನ್ನು ಡಿಶ್‌ವಾಷರಿಗೆ ಹಾಕಬಹುದಾ?"

ಯಾವ ಪ್ಲೇಟು ಎಂದು ಕೇಳಿದೆ. ಓದಿ ಹೇಳಿದರು.

"ಮಿಲ್ಲರ್ ತಾನೇ, ಹಾಕಿ" ಅಂದೆ.