ಹಿಂಗ ಹೋಗಿ ಹಂಗ ಬರೂಣು

ನಮ್ಮ ಮನೆಯಲ್ಲಿ ಒಂದು ಮಾತಿದೆ. ಅದು ಕಿವಿಗೆ ಬಿದ್ದ ಕೂಡಲೇ ಮಕ್ಕಳು ಚಪ್ಪಲಿ ಹುಡುಕುತ್ತಾರೆ, ಅತ್ತೆ ರೊಟ್ಟಿ ಡಬ್ಬಿ ತೆಗೆಯುತ್ತಾರೆ, ನಮ್ಮ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಾರೆ. ‘ಹಿಂಗ ಹೋಗಿ ಹಂಗ ಬರೂಣು’ ಅನ್ನುವುದೇ ಆ ಮಾತು. ಹೇಳುವವಳು ನಾನೇ.

ಅತ್ತೆಗೆ ಇದರ ಅರ್ಥ ಚೆನ್ನಾಗಿ ಗೊತ್ತು. “ಹಿಂಗ ಹೋಗೂದು ಕಾಣ್ತೈತಿ, ಹಂಗ ಬರೂದು ಯಾವಾಗ?” ಅನ್ನುತ್ತಲೇ ಎಂಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾರೆ. ಅವರ ಅನುಭವ ಅಂಥದ್ದು. ಹೋದ ವರ್ಷ ಕುಕನೂರಿಗೆ ಮದುವೆಗೆ ಹೊರಟವರು, ಹೆಂಗೂ ಈ ಕಡೆ ಬಂದೇವಿ, ಇಟಗಿ ಮಹಾದೇವನ ಗುಡಿ ನೋಡಿಬಿಡೋಣ ಎಂದು ನಾನು ಕಾರು ತಿರುಗಿಸಿದ್ದೆ. 1112ರಲ್ಲಿ ಚಾಲುಕ್ಯರ ದಂಡನಾಯಕ ಕಟ್ಟಿಸಿದ ಗುಡಿ. ಶಾಸನದಲ್ಲಿ ಅದಕ್ಕೆ ‘ದೇವಾಲಯ ಚಕ್ರವರ್ತಿ’ ಅಂತ ಹೆಸರು. ಕಂಬಗಳ ನುಣುಪು ನೋಡುತ್ತಾ ನಾನು ಮೈಮರೆತೆ. ಸಣ್ಣವನು ಪ್ರತಿ ಕಂಬದಲ್ಲೂ ತನ್ನ ಮುಖ ಕಾಣುತ್ತದಾ ಎಂದು ಅಣಕಿಸುತ್ತಾ ನಿಂತ. ನಾವು ಮದುವೆಮನೆ ಮುಟ್ಟುವ ಹೊತ್ತಿಗೆ ಮದುಮಕ್ಕಳೇ ಹೊರಟುಹೋಗಿದ್ದರು, ಅಡುಗೆಯವರು ಹಂಡೆ ತಿಕ್ಕುತ್ತಿದ್ದರು. ರೇಷ್ಮೆ ಸೀರೆ ಉಟ್ಟ ಅತ್ತೆ ಬಸ್ ಸ್ಟ್ಯಾಂಡಿನಲ್ಲಿ ಮಂಡಾಳ ಒಗ್ಗರಣಿ ತಿಂದರು. ಒಂದು ಮಾತೂ ಆಡಲಿಲ್ಲ. ಮಿರ್ಚಿ ಮಾತ್ರ ಎರಡು ಜಾಸ್ತಿ ಹಾಕಿಸಿಕೊಂಡರು.

ನನ್ನ ಮಾತು ನಡೆಯದೇ ಹೋದದ್ದು ಒಂದೇ ಸಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಮರುದಿನ ಭಾನುವಾರ. ಮುನಿರಾಬಾದಿಗೆ ಹಿಂಗ ಹೋಗಿ ಅನ್ನುವಷ್ಟರಲ್ಲಿ ಇವರು ಟಿವಿ ಮುಂದಿನಿಂದ ಏಳದೆ, “ಗೇಟ ಹಂಗ ಹೋಗೇತಿ, ನಾವೂ ಹೋಗೂದು ಬ್ಯಾಡ” ಅಂದರು. ಅದಕ್ಕೆ ಎದುರಾಡಲು ನನಗೂ ಆಗಲಿಲ್ಲ.

ಈಗ ಹೇಳಬೇಕಾದದ್ದು ಪಾಲ್ಕಿಗುಂಡಿನ ಕಥೆ.

ಭಾನುವಾರ ಬೆಳಿಗ್ಗೆ ಕರೆಂಟ್ ಹೋಯಿತು. ಫ್ಯಾನ್ ನಿಂತ ಕೂಡಲೇ ಕೊಪ್ಪಳದ ಮನೆಗಳಲ್ಲಿ ಜಗಳ ಶುರುವಾಗುತ್ತದೆ, ನಮ್ಮದೂ ಹಾಗೆಯೇ. ಸಮಾಜ ವಿಜ್ಞಾನದ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದ ದೊಡ್ಡವಳು ತಟ್ಟನೆ ಕೇಳಿದಳು: “ಅವ್ವಾ, ಅಶೋಕನ ಶಾಸನ ಕೊಪ್ಪಳದಾಗೂ ಐತಂತ. ನೀ ನೋಡಿಯೇನ?”

ನೋಡಿಲ್ಲ. ಈ ಊರಿಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷ. ಗವಿಮಠದ ಜಾತ್ರೆ ಒಂದೂ ತಪ್ಪಿಸಿಲ್ಲ, ದಾಸೋಹದ ಮಿರ್ಚಿ ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ. ಅದೇ ಗವಿಮಠದ ಗುಡ್ಡದಲ್ಲಿ ಒಂದು, ಊರ ಪಶ್ಚಿಮಕ್ಕೆ ಪಾಲ್ಕಿಗುಂಡಿನಲ್ಲಿ ಇನ್ನೊಂದು, ಹೀಗೆ ಅಶೋಕನ ಎರಡು ಶಾಸನ ನಮ್ಮೂರಲ್ಲಿವೆ. 1931ರಿಂದ ಜಗತ್ತಿಗೇ ಗೊತ್ತು. ನನಗೆ ಗೊತ್ತಿದ್ದದ್ದು ಮಿರ್ಚಿ. ಅವಮಾನ ಆಯಿತು. ಅವಮಾನ ಆದಾಗ ನನ್ನ ಬಾಯಿಗೆ ಬರುವುದು ಒಂದೇ ಮಾತು.

ಬಚ್ಚಲುಮನೆಯ ಚಿಲಕ ಬಿತ್ತು. ಸಣ್ಣವನು ಹೊರಗಿನಿಂದ ಬಾಗಿಲು ಬಡಿದು, “ಅಪ್ಪಾ, ಒಳಗ ನೀರೂ ಇಲ್ಲ ಬಾ” ಅಂದ.

ಪಾಲ್ಕಿಗುಂಡು ದೂರದಿಂದಲೇ ಕಾಣುತ್ತದೆ. ಗುಡ್ಡದ ತುದಿಯಲ್ಲಿ ಎರಡು ಬಂಡೆ ನಿಂತಿವೆ, ಅವುಗಳ ನೆತ್ತಿಯ ಮೇಲೆ ಒಂದು ದೊಡ್ಡ ಚಪ್ಪಡಿ. ನೋಡಿದರೆ ಪಲ್ಲಕ್ಕಿ ಇಳಿಸಿಟ್ಟು ಹೊರುವವರು ಚಹಾ ಕುಡಿಯಲು ಹೋದ ಹಾಗಿದೆ. ದೂರದಿಂದ ಕಾಣುವುದೇ ಮೋಸ. ಹತ್ತಿರ ಹೋದಂತೆ ಅದು ಇನ್ನೊಂದು ಬಂಡೆಯ ಹಿಂದೆ ಅಡಗುತ್ತದೆ. ಜಾಲಿ ಮುಳ್ಳು, ಜಾರುವ ಗರಸು, ಹನ್ನೊಂದರ ಬಿಸಿಲು. ಇವರು ಪ್ರತಿ ಹತ್ತು ಹೆಜ್ಜೆಗೆ ನಿಂತು, ನಿಸರ್ಗ ಸೌಂದರ್ಯ ನೋಡುವವರ ಹಾಗೆ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದರು. ಮಕ್ಕಳು ಮೇಕೆಗಳ ಹಾಗೆ ಹತ್ತಿದರು. ನಿಜವಾದ ಮೇಕೆಗಳೂ ಇದ್ದವು. ಅವು ನಮ್ಮ ಕಡೆ ಒಮ್ಮೆ ನೋಡಿ, ಪಾಪ ಎಂಬಂತೆ ಮುಖ ತಿರುಗಿಸಿ ಮೇಯತೊಡಗಿದವು.

ಅರ್ಧ ದಾರಿಯಲ್ಲಿ, ಬಂಡೆಯಿಂದ ಬಂಡೆಗೆ ಹಾರುವಾಗ ಸಣ್ಣವನ ಎಡಗಾಲಿನ ಚಪ್ಪಲಿ ಸಂದಿಯೊಳಗೆ ಬಿತ್ತು.

ಆ ಸಂದಿ ಒಂದು ಗೇಣು ಅಗಲ. ಆಳ ಎರಡಾಳು. ಬಗ್ಗಿ ನೋಡಿದರೆ ತಳದಲ್ಲಿ ಒಣಗಿದ ಎಲೆಗಳ ಮೇಲೆ ನೀಲಿ ಚಪ್ಪಲಿ, ಯಾರೋ ಇಟ್ಟ ಹಾಗೆ ನೆಟ್ಟಗೆ ಕೂತಿತ್ತು. “ಬಿಡು, ಬ್ಯಾರೇದು ಕೊಡಿಸ್ತೀನಿ” ಅಂದೆ. ಕಾಯ್ದ ಬಂಡೆಯ ಮೇಲೆ ಒಂಟಿ ಕಾಲಲ್ಲಿ ಕುಣಿಯುತ್ತಿದ್ದ ಮಗ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಇವರಿಗೆ ಈಗ ಹುರುಪು ಬಂತು. ಅಶೋಕ ಇವರ ಕೈಲಾಗದ ವಿಷಯ, ಚಪ್ಪಲಿ ಹಾಗಲ್ಲ. ನನ್ನ ಕೊಡೆ ಕಸಿದುಕೊಂಡು ಬಂಡೆಯ ಮೇಲೆ ಬೋರಲು ಮಲಗಿದರು. ಕೊಡೆಯ ಹಿಡಿಕೆಯಿಂದ ಕೊಕ್ಕೆ ಹಾಕುವ ಉಪಾಯ. ಕೊಡೆ ಕೈಜಾರಿ ಚಪ್ಪಲಿ ಪಕ್ಕ ಬಿತ್ತು. ಅದು ಹೇಗೆ ಬಿತ್ತು ಎಂದು ಬಗ್ಗಿ ನೋಡಿದರು. ಅಂಗಿಯ ಜೇಬಿನಿಂದ ಕನ್ನಡಕ ಜಾರಿ ಕೊಡೆಯ ಪಕ್ಕ ಬಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದು ಮೇಕೆ ಕೆಮ್ಮಿತು.

ಇಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರುವುದು ಜಾಣತನ. ನಾನು ನೆರಳಲ್ಲಿ ಕೂತು ಮೊಬೈಲಿನಲ್ಲಿ ಶಾಸನದ ಅರ್ಥ ಹುಡುಕಿ ಮಕ್ಕಳಿಗೆ ಓದಿ ಹೇಳತೊಡಗಿದೆ. ನಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಅದರಲ್ಲಿ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ, ಆಮೇಲೆ ಚೆನ್ನಾಗಿ ಶ್ರಮ ಪಟ್ಟೆ ಅನ್ನುತ್ತಾನೆ ಅಶೋಕ. ಸಣ್ಣವನ ಕುಣಿತ ನಿಂತಿತು.

“ಅಂದ್ರ ಒಂದ ವರ್ಷ ಅಂವ ಏನೂ ಮಾಡಿಲ್ಲ?”

“ಹಂಗಲ್ಲ, ಅಷ್ಟಾಗಿ ಮಾಡಿಲ್ಲ.”

“ಮತ್ತ ಕಲ್ಲಿನ ಮ್ಯಾಲ ಬರಸ್ಯಾನ?”

“ಹೂಂ.”

ಅವನ ಮುಖದಲ್ಲಿ ಮೂಡಿದ ಭಕ್ತಿಯನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ. ಮುಂದೆ ಗಣಿತದಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಾಗ ಇದೇ ಶಾಸನವನ್ನು ಅವನು ನನಗೆ ಓದಿ ಹೇಳಿದ, ಅದು ಬೇರೆ ವಿಷಯ.

ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ ಎಂದೂ ಅದೇ ಶಾಸನದಲ್ಲಿದೆ. ಸಂದಿಯೊಳಗೆ ತಲೆ ತೂರಿಸಿದ್ದ ಗಂಡನಿಗೆ ಕೇಳಲಿ ಎಂದು ಅದನ್ನು ಸ್ವಲ್ಪ ಜೋರಾಗಿಯೇ ಓದಿದೆ. “ಪ್ರಯತ್ನ ಮಾಡ್ಬೇಕಂತ ರೀ!”

ಬಂಡೆಯೊಳಗಿಂದ ಉತ್ತರ ಬಂತು: “ಅವನ ಚಾಳೀಸು ಬಿದ್ದಿರಲಿಲ್ಲ!”

ಕೊನೆಗೆ ನಮ್ಮನ್ನು ಕಾಪಾಡಿದವರು ಆ ಮೇಕೆಗಳ ಯಜಮಾನರು. ಅರವತ್ತು ದಾಟಿದ ಅಜ್ಜ, ತಲೆಗೆ ಕೆಂಪು ರುಮಾಲು, ಕೈಯಲ್ಲಿ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಗಳ. ಮರದ ಸೊಪ್ಪು ಎಳೆಯುವ ಗಳ ಅದು. ಮೊದಲು ಚಪ್ಪಲಿ ಬಂತು. ಆಮೇಲೆ ಕೊಡೆ. ಕನ್ನಡಕಕ್ಕೆ ಹೊತ್ತು ಹಿಡಿಯಿತು. ಅಜ್ಜ ಒಂದು ಕಣ್ಣು ಮುಚ್ಚಿ, ನಾಲಿಗೆ ತುದಿ ಕಚ್ಚಿ, ಕುಡುಗೋಲಿನ ಮೊನೆಯನ್ನು ಕನ್ನಡಕದ ಕಾಲಿಗೆ ಸಿಕ್ಕಿಸಿ ಮೀನು ಎತ್ತಿದ ಹಾಗೆ ಎತ್ತಿದರು. ಗಾಜು ಒಡೆದಿರಲಿಲ್ಲ. ಒಂದು ಕಾಲು ಮಾತ್ರ ಆಕಾಶ ನೋಡುತ್ತಿತ್ತು.

“ಏನ ನೋಡಾಕ ಬಂದಿದ್ರಿ ಯವ್ವಾ?”

“ಅಶೋಕನ ಶಾಸನ, ಅಜ್ಜಾ.”

“ಓ, ಕಲ್ಲ ನೋಡಾಕ.” ಸುತ್ತಲೂ ಒಮ್ಮೆ ನೋಡಿದರು. ಅಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. “ಚಲೋ ಆತು ಬಿಡ್ರಿ.”

ರೊಟ್ಟಿ ಕೊಟ್ಟೆವು. ಅಜ್ಜ ತಮ್ಮ ಬುತ್ತಿಯಿಂದ ಒಂದು ಉಳ್ಳಾಗಡ್ಡಿ ತೆಗೆದು, ಬಂಡೆಯ ಮೇಲಿಟ್ಟು ಮುಷ್ಟಿಯಿಂದ ಒಂದೇ ಗುದ್ದಿಗೆ ಒಡೆದು ಮಕ್ಕಳಿಗೆ ಹಂಚಿದರು. ಮನೆಯಲ್ಲಿ ಉಪ್ಪಿಟ್ಟಿನ ಉಳ್ಳಾಗಡ್ಡಿಯನ್ನು ತಟ್ಟೆಯಂಚಿಗೆ ಸರಿಸುವ ನನ್ನ ಮಗಳು ಅದನ್ನು ಕಚಕಚ ತಿಂದು ಇನ್ನೊಂದು ಕೇಳಿದಳು.

ಶಾಸನ ನೋಡಿದಿರಾ ಅಂದರೆ, ನೋಡಿದೆವು. ಪಾಲ್ಕಿಗುಂಡಿನ ಶಾಸನ ಬಹಳ ಸವೆದಿದೆ. ಅಕ್ಷರ ಯಾವುದು, ಬಿರುಕು ಯಾವುದು ನನಗಂತೂ ತಿಳಿಯಲಿಲ್ಲ. ಸೊಟ್ಟ ಕನ್ನಡಕ ಹಾಕಿಕೊಂಡ ನಮ್ಮ ಯಜಮಾನರು ಮಾತ್ರ ಬ್ರಾಹ್ಮಿ ಲಿಪಿಯನ್ನು ಬೆರಳಿಟ್ಟು ತೋರಿಸಿದರು. ಅವರು ತೋರಿಸಿದ್ದು ಹಲ್ಲಿ ಎಂದು ಆಮೇಲೆ ಗೊತ್ತಾಯಿತು. ಅದು ಓಡಿಹೋಯಿತು.

ತಲೆಯನ್ನು ಎಡಕ್ಕೆ ವಾಲಿಸಿದರೆ ಮಾತ್ರ ರಸ್ತೆ ನೆಟ್ಟಗೆ ಕಾಣುತ್ತದೆ ಅನ್ನುತ್ತಾ ಅವರು ಮನೆ ತನಕ ಹಾಗೆಯೇ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ತಲೆ ವಾಲಿಸಿಕೊಂಡು ಕೂತಿದ್ದರು.

ಮುಂದಿನ ವಾರ ಶಾಲೆಯಲ್ಲಿ ‘ನಾನು ಕಂಡ ಐತಿಹಾಸಿಕ ಸ್ಥಳ’ ಎಂದು ಬರೆಸಿದರು. ದೊಡ್ಡವಳು ಎರಡು ಪುಟ ಬರೆದಳು. ಅಶೋಕನ ಬಗ್ಗೆ ಒಂದೂವರೆ ಸಾಲು, ಅದರಲ್ಲೂ ಅರ್ಧ ಸಾಲು ಅವನು ಒಂದು ವರ್ಷ ಸುಮ್ನೆ ಕೂತದ್ದರ ಬಗ್ಗೆ. ಉಳಿದದ್ದೆಲ್ಲಾ ಚಪ್ಪಲಿ, ಅಜ್ಜ, ಉಳ್ಳಾಗಡ್ಡಿ. ‘ನಮ್ಮ ತಂದೆಯವರು ಬಂಡೆಯೊಳಗಿಂದ ಮಾತಾಡಿದರು’ ಎಂಬ ವಾಕ್ಯದ ಕೆಳಗೆ ಟೀಚರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಮೊನ್ನೆ ಭಾನುವಾರ ಮತ್ತೆ ಕರೆಂಟ್ ಹೋಯಿತು. ಕಿನ್ನಾಳಕ್ಕೆ ಹೋದರೆ ಬಣ್ಣದ ಗೊಂಬೆ ಮಾಡುವುದನ್ನು ನೋಡಬಹುದಲ್ವಾ ಅನಿಸಿತು. ಹುಣಸೆ ಬೀಜದ ಅಂಟು, ಹಗುರ ಮರ, ಎಲ್ಲಾ ಕಣ್ಣಾರೆ ನೋಡಬಹುದು. ನಾನು “ಹಿಂಗ...” ಅಂದೆ ಅಷ್ಟೇ. ಇವರು ಎದ್ದು ಒಳಗೆ ಹೋದರು. ನಾನು ಚಿಲಕದ ಸದ್ದಿಗೆ ಕಾದೆ. ಸದ್ದು ಬರಲಿಲ್ಲ.

ಐದು ನಿಮಿಷ ಬಿಟ್ಟು ಪ್ಯಾಂಟು ಹಾಕಿಕೊಂಡು ಹೊರಗೆ ಬಂದರು. ಕನ್ನಡಕದ ಎರಡೂ ಕಾಲಿಗೆ ಪೈಜಾಮದ ಲಾಡಿ ಕಟ್ಟಿ, ಕತ್ತಿನ ಹಿಂದೆ ಗಂಟು ಹಾಕಿಕೊಂಡಿದ್ದರು.