ಅವ್ವನ ಕನಸಲ್ಲಿ ಅಪ್ಪ ಬರಿಗಾಲಲ್ಲಿದ್ದರು

ಅಪ್ಪ ತೀರಿಕೊಂಡ ಎರಡನೇ ತಿಂಗಳಿಂದ ಅವ್ವನಿಗೆ ಒಂದೇ ಕನಸು. ಅಪ್ಪ ದುಡಿದ ಮಂಡಕ್ಕಿ ಭಟ್ಟಿ. ಕಾದ ಮರಳು ನೆಲದ ತುಂಬಾ ಚೆಲ್ಲಿದೆ. ಅದರ ಮೇಲೆ ಅಪ್ಪ ಬರಿಗಾಲಲ್ಲಿ ನಿಂತಿದ್ದಾರೆ. "ಏನೂ ಮಾತಾಡಲ್ಲ ಕಣವ್ವಾ, ಸುಮ್ನೆ ನನ್ನ ಮುಖ ನೋಡ್ತಾರೆ" ಅನ್ನುತ್ತಿದ್ದಳು.

ಯಾರದೋ ಮಾತು ಕೇಳಿ ಒಬ್ಬ ಜ್ಯೋತಿಷಿ ಹತ್ತಿರ ಹೋದಳು. ಬೆಳಗಿನ ಜಾವದ ಕನಸು ಸುಳ್ಳಾಗಲ್ಲ, ಶಾಂತಿ ಮಾಡಿಸಬೇಕು, ಹನ್ನೊಂದು ಸಾವಿರ ಆಗುತ್ತೆ ಅಂದರಂತೆ. ಅವ್ವ ಓಲೆ ಬಿಚ್ಚಿ ಅಡ ಇಡೋಕೆ ಹೊರಟಿದ್ದಳು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಕನಸು ಕಂಡವಳನ್ನು ಒಂದು ಮಾತೂ ಕೇಳದೆ ಅದರ ಅರ್ಥ ಹೇಳಿ ಕಳಿಸಿದರಲ್ಲ!

ಬೆಳಗಿನ ಜಾವದ ಕನಸೇ ಜಾಸ್ತಿ ನೆನಪಿರೋಕೆ ಕಾರಣ ಇದೆ. ನಿದ್ದೆಯಲ್ಲಿ ಕಣ್ಣುಗುಡ್ಡೆ ರೆಪ್ಪೆಯೊಳಗೇ ಸರಸರ ಓಡಾಡುವ ಒಂದು ಹೊತ್ತು ಇರುತ್ತೆ. ಅಮೆರಿಕದ ಶಿಕಾಗೋದಲ್ಲಿ ನಿದ್ದೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅಸೆರಿನ್ಸ್ಕಿ, ಕ್ಲೈಟ್‌ಮನ್ 1953ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಈ ನಿದ್ದೆ ಮೊದಲು ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದವಾಗುತ್ತೆ. ನಮಗೆ ಎಚ್ಚರ ಆಗೋದೂ ಎಷ್ಟೋ ಸಲ ಅದರ ನಡುವೆಯೇ.

ಮಿದುಳಿನ ಬುಡದಿಂದ ಏಳುವ ಗೊತ್ತುಗುರಿಯಿಲ್ಲದ ಸಂಕೇತಗಳಿಗೆ ಮಿದುಳು ಕಥೆ ಕಟ್ಟುತ್ತೆ, ಅದೇ ಕನಸು ಅಂತ ಹಾಬ್ಸನ್, ಮೆಕಾರ್ಲಿ ಅನ್ನುವ ಅಮೆರಿಕದ ಮನೋವೈದ್ಯರು 1977ರಲ್ಲಿ ವಾದಿಸಿದರು. ಇರಬಹುದು. ಆದರೆ ಬಟ್ಟೆ ನೇಯೋಕೆ ನೂಲು ಎಲ್ಲಿಂದ ಬರಬೇಕು? ಅವರವರ ಮನೆಯಿಂದಲೇ ಅಲ್ವಾ? ಹಾವು ಕಂಡರೆ ನಾಗದೋಷ, ಹಲ್ಲು ಬಿದ್ದರೆ ಮನೆಯಲ್ಲಿ ಸಾವು ಅನ್ನುತ್ತಾರೆ. ಗದ್ದೆಯಲ್ಲಿ ದಿನಾ ಹಾವು ನೋಡುವ ನಮ್ಮ ಮಾವನ ಹಾವೂ ನನ್ನ ಹಾವೂ ಒಂದೇ ಹೇಗಾಗುತ್ತೆ?

ರೋಸಲಿಂಡ್ ಕಾರ್ಟ್‌ರೈಟ್ ಅನ್ನುವ ಮನಶ್ಶಾಸ್ತ್ರಜ್ಞೆ ವಿಚ್ಛೇದನದಿಂದ ಕುಗ್ಗಿದವರ ಕನಸುಗಳನ್ನು ವರ್ಷಗಟ್ಟಲೆ ನೋಡಿದರು. ದೂರವಾದ ಗಂಡನೋ ಹೆಂಡತಿಯೋ ಕನಸಲ್ಲಿ ಬಂದು ಯಾರ ಮನಸ್ಸು ಕಲಕಿತ್ತೋ ಅವರೇ ಮುಂದೆ ಹೆಚ್ಚು ಚೇತರಿಸಿಕೊಂಡಿದ್ದರು. ಕನಸಿಗೆ ಒಂದು ಕೆಲಸ ಇದೆ ಅಂತ ನಾನು ನಂಬೋದು ಇದನ್ನು ಓದಿದ ಮೇಲಲ್ಲ. ಅವ್ವನನ್ನು ನೋಡಿದ ಮೇಲೆ.

ಒಂದು ಸಂಜೆ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಅವ್ವಾ, ಅಪ್ಪನ ಚಪ್ಪಲಿ ಎಲ್ಲಿದ್ದಾವೆ?" ಅಂತ ಕೇಳಿದೆ. ಕೈ ನಿಂತುಬಿಟ್ಟಿತು. ಆಸ್ಪತ್ರೆಗೆ ಹೊರಟ ರಾತ್ರಿ ಅಪ್ಪನನ್ನು ಎತ್ತಿ ಆಟೋದಲ್ಲಿ ಕೂರಿಸಿದ್ದರು. ಅಪ್ಪ "ಚಪ್ಪಲಿ, ಚಪ್ಪಲಿ" ಅಂದಿದ್ದರಂತೆ.

"ನಾಳೆ ಬರ್ತೀವಲ್ಲ, ಈಗ್ಯಾಕೆ ಅಂತ ಗದರಿಬಿಟ್ಟೆ ಕಣವ್ವಾ."

ಮಣ್ಣಿನ ದಿನವೂ ಅಳದೆ ಇದ್ದವಳು ಅವತ್ತು ಸೊಪ್ಪಿನ ಮೊರದ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಆ ಚಪ್ಪಲಿ ಅಟ್ಟದ ಮೇಲೆ, ಪೇಪರ್‌ನಲ್ಲಿ ಸುತ್ತಿದ ಹಾಗೇ ಇದ್ದವು. ಕೆಳಗಿಳಿಸಿ ಒರೆಸಿದೆವು.

ಕನಸು ಪೂರ್ತಿ ನಿಂತಿಲ್ಲ. ಬಂದ ದಿನ ಟೀ ಲೋಟ ಹಿಡಿದು ನನ್ನ ಹತ್ತಿರ ಬಂದು ಕೂರುತ್ತಾಳೆ. ನಾನು ಫೋನ್ ಪಕ್ಕಕ್ಕಿಡುತ್ತೇನೆ. ಓಲೆ ಅವಳ ಕಿವಿಯಲ್ಲೇ ಇವೆ.